1994ರ ‘ಸ್ಪೀಡ್’ ಇವತ್ತಿಗೂ ಯಾಕೆ ಹಳೆಯದಾಗಿಲ್ಲ?

“ಇಷ್ಟೊಂದು ಹೊಸ ಆ್ಯಕ್ಷನ್ ಸಿನಿಮಾ ಬರ್ತಿರುವಾಗ ಮತ್ತೆ ಮತ್ತೆ ಅದೇ ಬಸ್ ಸಿನಿಮಾ ನೋಡ್ತೀಯಲ್ಲ, ಅಂಥದ್ದೇನಿದೆ ಅದರಲ್ಲಿ?” ಸಿನಿಮಾ ಮಾತು ಬಂದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬಸ್ ಸಿನಿಮಾ ಅಂದರೆ ‘ಸ್ಪೀಡ್’. ನನ್ನ ಉತ್ತರ ಇಷ್ಟೇ: ಆ ಸಿನಿಮಾ ಅಪಾಯದ ಲೆಕ್ಕವನ್ನು ನೋಡುವವರ ಕೈಗೇ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಆ ಲೆಕ್ಕವನ್ನು ತನಗೆ ಬೇಕಾದ ಹಾಗೆ ಬದಲಾಯಿಸುವುದಿಲ್ಲ.

ನೋಡದವರಿಗೆ ಕಥೆ ಹೇಳುತ್ತೇನೆ. ಕೊನೆಯವರೆಗೂ ಹೇಳುತ್ತೇನೆ, ಹೇಳದೆ ಉತ್ತರ ಪೂರ್ತಿ ಆಗುವುದಿಲ್ಲ. ಲಾಸ್ ಏಂಜಲೀಸ್‌ನ ಒಂದು ಸಿಟಿ ಬಸ್ಸಿನ ಅಡಿಯಲ್ಲಿ ಬಾಂಬ್ ಇದೆ. ಬಸ್ಸು ಗಂಟೆಗೆ 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ವೇಗ ಮುಟ್ಟಿದ ಕೂಡಲೇ ಬಾಂಬ್ ಸಜ್ಜಾಗುತ್ತದೆ. ಆಮೇಲೆ ವೇಗ 50 ಮೈಲಿಗಿಂತ ಇಳಿದರೆ ಸಿಡಿಯುತ್ತದೆ. ಪ್ರಯಾಣಿಕರನ್ನು ಇಳಿಸುವ ಹಾಗಿಲ್ಲ. ಬಾಂಬ್ ಇಟ್ಟವನಿಗೆ 37 ಲಕ್ಷ ಡಾಲರ್ ಬೇಕು. ಓಡುವ ಬಸ್ಸಿಗೆ ಹತ್ತುವ ಪೊಲೀಸ್ ಜ್ಯಾಕ್ ಪಾತ್ರದಲ್ಲಿ ಕಿಯಾನು ರೀವ್ಸ್. ಡ್ರೈವರ್‌ಗೆ ಗುಂಡು ತಗುಲಿದ ಮೇಲೆ ಸ್ಟೀರಿಂಗ್ ಹಿಡಿಯುವ ಪ್ರಯಾಣಿಕೆ ಆ್ಯನಿ ಪಾತ್ರದಲ್ಲಿ ಸ್ಯಾಂಡ್ರಾ ಬುಲಕ್.

ಈ ನಿಯಮ ತಿಳಿಯಲು ಯಾರಿಗೂ ವಿವರಣೆ ಬೇಕಿಲ್ಲ. ಒಮ್ಮೆ ತಿಳಿದ ಮೇಲೆ ರಸ್ತೆ ಮೇಲಿರುವ ಪ್ರತಿಯೊಂದೂ ಭಯ ಹುಟ್ಟಿಸುತ್ತದೆ. ಸಿಗ್ನಲ್, ಟ್ರಾಫಿಕ್ ಜಾಮ್, ರಸ್ತೆ ದಾಟುವ ಜನ, ಒಂದು ಬಿಗಿಯಾದ ತಿರುವು. ಆ ತಿರುವಿನ ದೃಶ್ಯ ನನಗೆ ತುಂಬಾ ಇಷ್ಟ. ವೇಗ ಕಡಿಮೆ ಮಾಡದೆ ತಿರುಗಿಸಿದರೆ ಬಸ್ಸು ಪಲ್ಟಿ ಹೊಡೆಯಬಹುದು, ಕಡಿಮೆ ಮಾಡಿದರೆ ಬಾಂಬ್. ಹಾಗಾಗಿ ಪ್ರಯಾಣಿಕರೆಲ್ಲ ಒಂದೇ ಬದಿಗೆ ಸರಿದು ತಮ್ಮ ಭಾರದಿಂದಲೇ ಬಸ್ಸು ಪಲ್ಟಿಯಾಗದ ಹಾಗೆ ತಡೆಯಬೇಕು. ಅಲ್ಲಿ ಯಾರೂ ಗುಂಡು ಹಾರಿಸುತ್ತಿಲ್ಲ, ಯಾರನ್ನೂ ಹೊಡೆಯುತ್ತಿಲ್ಲ. ಆದರೂ ನಾನು ಕೂತಲ್ಲೇ ಒಂದು ಕಡೆಗೆ ವಾಲುತ್ತೇನೆ.

ಈಗಿನ ದೊಡ್ಡ ಆ್ಯಕ್ಷನ್ ಸಿನಿಮಾಗಳಲ್ಲಿ ನನಗೆ ಸಿಗದೇ ಇರುವುದು ಇದೇ. ಇಡೀ ಭೂಮಿ ನಾಶವಾಗುತ್ತದೆ ಅನ್ನುತ್ತಾರೆ. ಸರಿ, ಆದರೆ ಎಷ್ಟು ಹೊತ್ತಿನಲ್ಲಿ? ಏನು ಮಾಡಿದರೆ ತಪ್ಪುತ್ತದೆ? ನಾಯಕನ ಶಕ್ತಿ ಎಲ್ಲಿಗೆ ಮುಗಿಯುತ್ತದೆ? ಅದು ಗೊತ್ತಿಲ್ಲದಿದ್ದರೆ ನಾವು ಸುಮ್ನೆ ನೋಡುತ್ತಾ ಕೂರಬೇಕು. ‘ಸ್ಪೀಡ್’ನಲ್ಲಿ ಮುಳ್ಳು 55ಕ್ಕೆ ಇಳಿದರೆ ಸಾಕು, ಉಳಿದದ್ದನ್ನು ನಾವೇ ಲೆಕ್ಕ ಹಾಕುತ್ತೇವೆ.

ಇದರಲ್ಲಿ ನಿರ್ದೇಶಕ ಯಾನ್ ಡಿ ಬಾಂಟ್ ಅವರ ಪಾಲು ದೊಡ್ಡದು. ಇದು ಅವರ ನಿರ್ದೇಶನದ ಮೊದಲ ಸಿನಿಮಾ. ಅದಕ್ಕೂ ಮುಂಚೆ ಅವರು ಛಾಯಾಗ್ರಾಹಕರು, 1988ರ ‘ಡೈ ಹಾರ್ಡ್’ಗೆ ಕ್ಯಾಮೆರಾ ಹಿಡಿದವರು. ಯಾವುದು ಎಲ್ಲಿದೆ ಅನ್ನುವುದನ್ನು ತೋರಿಸದೆ ಅವರು ಮುಂದೆ ಹೋಗುವುದಿಲ್ಲ. ಬಸ್ಸಿನ ಒಳಗೆ ಯಾರು ಎಲ್ಲಿ ಕೂತಿದ್ದಾರೆ, ಬಾಗಿಲು ಎಲ್ಲಿ, ಹೊರಗೆ ಪಕ್ಕದಲ್ಲಿ ಬರುತ್ತಿರುವ ಗಾಡಿ ಎಷ್ಟು ದೂರದಲ್ಲಿದೆ, ಎಲ್ಲ ನಮಗೆ ಗೊತ್ತಿರುತ್ತದೆ. ಎಡಿಟಿಂಗ್ ಚುರುಕಾಗಿದೆ, ಗೊಂದಲ ಇಲ್ಲ.

“ಆ ಬಸ್ ಜಿಗಿತ ನಂಬೋ ಹಾಗಿದೆಯಾ?” ಅಂತ ತಕ್ಷಣ ಕೇಳುತ್ತಾರೆ. ಕಟ್ಟಿ ಮುಗಿಯದ ಫ್ರೀವೇಯಲ್ಲಿ 50 ಅಡಿ, ಅಂದರೆ ಸುಮಾರು 15 ಮೀಟರ್ ಖಾಲಿ ಜಾಗ. ಬಸ್ಸು ಅದನ್ನು ಹಾರಿ ದಾಟುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 110 ಕಿ.ಮೀ. ವೇಗದಲ್ಲಿ 15 ಮೀಟರ್ ದಾಟಲು ಸರಿಸುಮಾರು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಯಾವ ವಸ್ತುವೂ ಒಂದು ಮೀಟರ್‌ಗಿಂತ ಜಾಸ್ತಿ ಕೆಳಗೆ ಬಿದ್ದಿರುತ್ತದೆ. ರಸ್ತೆ ಸಮತಟ್ಟಾಗಿದ್ದರೆ ಬಸ್ಸು ಆಚೆಯ ಅಂಚಿಗೆ ಡಿಕ್ಕಿ ಹೊಡೆಯಬೇಕು. ಹಾಗಾಗಿ ಆ ದೃಶ್ಯ ನಿಜಕ್ಕೆ ದೂರ, ಒಪ್ಪಿಕೊಳ್ಳುತ್ತೇನೆ. ಆದರೆ ಬಸ್ಸು ಮಾತ್ರ ನಿಜವಾಗಿ ಹಾರಿದೆ! ಆಗಷ್ಟೇ ಕಟ್ಟಿದ್ದ 105 ಫ್ರೀವೇ ಮೇಲೆ ಇಳಿಜಾರಿನ ಹಲಗೆ ಇಟ್ಟು ಬಸ್ಸನ್ನು ಹಾರಿಸಿದರು. ಕೆಳಗೆ ರಸ್ತೆ ಇತ್ತು, ಅದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸಿದರು. ಕಂಪ್ಯೂಟರ್ ಮಾಡಿದ ಕೆಲಸ ರಸ್ತೆಯನ್ನು ಮಾಯ ಮಾಡಿದ್ದು. ನೆಲಕ್ಕೆ ಬಿದ್ದಾಗ ಬಸ್ಸು ಅದುರುವ ಆ ಅದುರು ಅಸಲಿ. ನಮ್ಮ ಕಣ್ಣು ಭಾರವನ್ನು ಗುರುತಿಸುತ್ತದೆ. ಆ ಕಾಲದ ಎಷ್ಟೋ ಗ್ರಾಫಿಕ್ಸ್ ಈಗ ಸಪ್ಪೆಯಾಗಿ ಕಾಣುವಾಗ ಈ ಬಸ್ಸು ಹಾಗೆ ಕಾಣದಿರುವುದಕ್ಕೆ ಕಾರಣ ಅದೇ.

ಶಬ್ದವನ್ನೂ ಗಮನಿಸಿ. ಎರಡು ಆಸ್ಕರ್ ಬಂದಿದ್ದು ಶಬ್ದದ ವಿಭಾಗಗಳಿಗೇ.

ನಿಯಮಕ್ಕೆ ಬದ್ಧವಾಗಿರುವುದು ಸ್ಟಂಟ್‌ಗಳಲ್ಲಿ ಮಾತ್ರ ಅಲ್ಲ, ಬುದ್ಧಿವಂತಿಕೆಯಲ್ಲೂ. ಡೆನ್ನಿಸ್ ಹಾಪರ್ ಮಾಡಿದ ಖಳ ಫೋನಿನಲ್ಲಿ ಆ್ಯನಿಯನ್ನು ‘ವೈಲ್ಡ್‌ಕ್ಯಾಟ್’ ಅನ್ನುತ್ತಾನೆ. ಮೊದಲಿಗೆ ಅದು ಬರೀ ಕೊಂಕು ಮಾತು ಅನ್ನಿಸುತ್ತದೆ. ಆಮೇಲೆ ಜ್ಯಾಕ್ ಕಣ್ಣು ಅವಳ ಬಟ್ಟೆ ಮೇಲಿನ ಅರಿಜೋನಾ ವಿಶ್ವವಿದ್ಯಾಲಯದ ಹೆಸರಿನ ಮೇಲೆ ಬೀಳುತ್ತದೆ. ಆ ವಿಶ್ವವಿದ್ಯಾಲಯದ ತಂಡಗಳ ಹೆಸರು ವೈಲ್ಡ್‌ಕ್ಯಾಟ್ಸ್. ಅಂದರೆ ಅವಳು ಏನು ತೊಟ್ಟಿದ್ದಾಳೆ ಅಂತ ಅವನಿಗೆ ಕಾಣುತ್ತಿದೆ, ಬಸ್ಸಿನೊಳಗೆ ಕ್ಯಾಮೆರಾ ಇದೆ! ಆ ಬಟ್ಟೆ ನಮ್ಮ ಕಣ್ಣೆದುರೇ ಇತ್ತು. ಜ್ಯಾಕ್‌ಗೆ ಗೊತ್ತಾದದ್ದು ನಮಗೂ ಗೊತ್ತಾಗಬಹುದಿತ್ತು. ಬರೆದ ಗ್ರಹಾಂ ಯೋಸ್ಟ್ ನೋಡುವವರನ್ನು ಇಷ್ಟು ಗೌರವದಿಂದ ಕಂಡಿದ್ದಾರೆ.

ಪ್ರಯಾಣಿಕರ ಬಗ್ಗೆ ಹೇಳಲೇಬೇಕು. ಅವರು ನಾಯಕನಿಗೆ ಕೆಲಸ ಕೊಡಲು ಕೂರಿಸಿದ ಗೊಂಬೆಗಳ ಹಾಗಿಲ್ಲ. ಬೈಯುತ್ತಾರೆ, ಹೆದರುತ್ತಾರೆ, ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಾರೆ. ಭಯ ತಡೆಯಲಾಗದೆ ಇಳಿಯಲು ಹೋದ ಹೆಂಗಸು ಸಾಯುತ್ತಾಳೆ, ಮತ್ತು ಆ ಸಾವು ಬಸ್ಸಿನಲ್ಲಿ ಎಲ್ಲರನ್ನೂ ತಟ್ಟುತ್ತದೆ. ಆ್ಯನಿ ಅಂತೂ ನನ್ನ ಪ್ರಕಾರ ಈ ಸಿನಿಮಾದ ಜೀವ. ಜೋರಾಗಿ ಓಡಿಸಿ ಲೈಸೆನ್ಸ್ ಕಳಕೊಂಡದ್ದರಿಂದಲೇ ಅವಳು ಬಸ್ಸು ಹತ್ತಿರುವುದು. ಅವಳು ಅಳುತ್ತಾಳೆ, ತಮಾಷೆ ಮಾಡುತ್ತಾಳೆ, ಆದರೆ ಕಾಲು ಆ್ಯಕ್ಸಿಲರೇಟರ್ ಬಿಡುವುದಿಲ್ಲ. ಅಪಾಯ ಎಷ್ಟು ದೊಡ್ಡದು ಅನ್ನುವುದು ನನಗೆ ತಿಳಿಯುವುದು ಅವಳ ಮುಖದಿಂದ.

ಕೊನೆಯ ಮೆಟ್ರೋ ರೈಲಿನ ಭಾಗ ಅಷ್ಟು ಗಟ್ಟಿಯಾಗಿಲ್ಲ. ಬಸ್ಸು ಖಾಲಿಯಾದ ಮೇಲೆ ಕಣ್ಣಿಡಲು ಒಂದು ಸಂಖ್ಯೆ ಇಲ್ಲ. ರೈಲಿನ ಮೇಲೆ ಹತ್ತಿ ಹೊಡೆದಾಡುವ ದೃಶ್ಯ ಬೇರೆ ಸಿನಿಮಾಗಳಲ್ಲೂ ಸಿಗುತ್ತದೆ. ಆದರೂ ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಖಳ ಆ್ಯನಿಯ ಕೈಗೆ ಬೇಡಿ ಹಾಕಿ ರೈಲಿನೊಳಗಿನ ಕಂಬಕ್ಕೆ ಕಟ್ಟಿದ್ದಾನೆ, ರೈಲು ನಿಲ್ಲುತ್ತಿಲ್ಲ, ಮುಂದೆ ಹಳಿ ಮುಗಿಯುತ್ತದೆ. ಜ್ಯಾಕ್ ತಾನೊಬ್ಬನೇ ಹಾರಿಕೊಂಡು ಬದುಕಬಹುದು. ಅವನು ಹಾರುವುದಿಲ್ಲ. ತಿರುವಿನಲ್ಲಿ ರೈಲು ಹಳಿ ತಪ್ಪಲಿ ಅಂತ ವೇಗವನ್ನು ಇನ್ನೂ ಜಾಸ್ತಿ ಮಾಡಿ, ಬಂದು ಅವಳ ಪಕ್ಕದಲ್ಲೇ ಕೂರುತ್ತಾನೆ.