ಗಂಡಿ ದಾಟಿದರೆ ಸ್ವಾಮಿಯ ಹೊಸ್ತಿಲು

ತೋರಣಗಲ್ಲು ಕಡೆಯಿಂದ ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಬರುವವರಿಗೆ ಮೊದಲು ಎದುರಾಗುವುದು ಭೀಮಗಂಡಿ. ನಾರಿಹಳ್ಳ ಗುಡ್ಡ ಸೀಳಿಕೊಂಡು ಹರಿಯುವ ಜಾಗ. ಎರಡೂ ಕಡೆ ಕೆಂಪು-ಕಪ್ಪು ಕಬ್ಬಿಣದ ಬಂಡೆ, ನಡುವೆ ದಾರಿ. ನಮ್ಮಜ್ಜ ಇಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. "ಇಲ್ಲಿಂದ ಸ್ವಾಮಿ ಹೊಸ್ತಿಲು ಶುರುವಾತು, ಇನ್ನ ಸುಮ್ನೆ ನಡೀರಿ" ಅನ್ನೋರು. ಕುಮಾರಸ್ವಾಮಿ ಗುಡಿ ಇನ್ನೂ ದೂರ ಇರುತ್ತಿತ್ತು. ಅಜ್ಜನಿಗೆ ಮಾತ್ರ ಗಂಡಿಯೇ ಮಹಾದ್ವಾರ.

ಈ ದ್ವಾರ ಎಲ್ಲರಿಗೂ ತೆರೆದಿದ್ದಿಲ್ಲ. 1815ರಲ್ಲಿ ಪೇಶ್ವೆ ಎರಡನೇ ಬಾಜಿರಾವ್ ಕುಮಾರಸ್ವಾಮಿ ದರ್ಶನದ ನೆಪ ಹೇಳಿ ಸೈನ್ಯ ಕಟ್ಟಿಕೊಂಡು ಬಂದ. ಮನಸ್ಸಿನಲ್ಲಿದ್ದದ್ದು ಸಂಡೂರು ಸಂಸ್ಥಾನ. ಸಂಡೂರಿನ ಅರಸ ಶಿವರಾವ್ ಘೋರ್ಪಡೆ ದಾರಿಗೆ ಅಡ್ಡಗಟ್ಟಿಸಿ, ಪೇಶ್ವೆಯನ್ನು ಕೆಲವೇ ಜನರ ಜೊತೆ ದರ್ಶನಕ್ಕೆ ಬಿಟ್ಟರು. ಸೈನ್ಯ ಹೊರಗೇ ನಿಂತಿತು. ಸ್ವಾಮಿ ಹತ್ತಿರ ಹೋಗುವವನು ಹೇಗೆ ಹೋಗಬೇಕೋ ಹಾಗೇ ಹೋಗಬೇಕಾಯಿತು ಅಲ್ವಾ!

ಬೆಟ್ಟದ ಮೇಲೆ ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಮಗನ ಗುಡಿ ರಾಷ್ಟ್ರಕೂಟರ ಕಾಲದ್ದು. ತಂದೆ-ತಾಯಿಯ ಮೇಲೆ ಮುನಿಸಿಕೊಂಡು ಇಲ್ಲಿಗೆ ಬಂದ ಮಗನ ಕಥೆ ನಿಮಗೆ ಗೊತ್ತೇ ಇದೆ. ಅಜ್ಜನ ಮನಸ್ಸೆಲ್ಲ ತಾಯಿಯ ಮೇಲೆ. "ಮಗನ್ನ ಹುಡುಕ್ಕೊಂತ ಆಕಿನೂ ಇದೇ ಗಂಡಿ ದಾಟಿರಬೇಕು" ಎಂದು ಹೇಳಿ ದಾರಿಯ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಹಣೆಯ ಮೇಲೆ ಕೆಂಪು ಗುರುತು ಹಾಗೇ ಉಳಿಯುತ್ತಿತ್ತು. ಗುಡಿಯಲ್ಲಿ ವಿಭೂತಿ ಹಚ್ಚಿಕೊಂಡರೂ ಆ ಕೆಂಪನ್ನು ಒರೆಸಿಕೊಳ್ಳುತ್ತಿರಲಿಲ್ಲ.

ಈ ಕಾರ್ತಿಕದಲ್ಲಿ ಹೋದಾಗ ಕಾಡಿನ ಹರಿಶಂಕರ ತೀರ್ಥದಲ್ಲಿ ಬೊಗಸೆ ಒಡ್ಡಿದೆ. ಎಂಥ ತಂಪು ಅಂತೀರಿ! ಹಲ್ಲು ಜುಮ್ ಅಂದಿತು, ಮೊಣಕೈವರೆಗೆ ನೀರು ಇಳಿಯಿತು. ಒದ್ದೆ ಎಲೆ, ಒದ್ದೆ ಕಲ್ಲಿನ ವಾಸನೆ. ಯಾಕೋ ಕಣ್ಣು ತುಂಬಿ ಬಂತು. ಗರ್ಭಗುಡಿಯಲ್ಲಿ ಏನು ಬೇಡಿಕೊಂಡೆನೋ ನೆನಪಿಲ್ಲ, ಆ ನೀರಿನ ತಂಪು ಮಾತ್ರ ಇನ್ನೂ ಅಂಗೈಯಲ್ಲಿದೆ.

ಈಗ ಜನ ಜಾಸ್ತಿ, ನಡೆಯುವವರು ಕಡಿಮೆ. ಕಾರಿನ ಗಾಜು ಏರಿಸಿಕೊಂಡೇ ಗಂಡಿ ದಾಟುತ್ತಾರೆ. ಅದಿರಿನ ಲಾರಿ ಸಾಲುಗಟ್ಟಿದ್ದಾಗ ಗಾಜು ಏರಿಸದೆ ವಿಧಿಯೂ ಇರಲಿಲ್ಲ, ಗಿಡದ ಎಲೆಯೇ ಕಾಣದಷ್ಟು ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲಿನ ಮಳೆಗಾಲದಲ್ಲಿ ದಾರಿ ಬದಿಯ ಹಸಿರು ನೋಡಿ ನನಗೆ ಸ್ವಾಮಿಯನ್ನೇ ಕಂಡಷ್ಟು ಸಂತೋಷವಾಗಿತ್ತು. ಆದರೆ ತೀರ್ಥದ ಪಕ್ಕ ಪ್ಲಾಸ್ಟಿಕ್ ಬಾಟಲಿ ಎಸೆದು ಹೋಗುವುದಕ್ಕೆ ಯಾವ ಗಣಿಯೂ ಕಾರಣವಲ್ಲ. ಅದು ನಾವೇ, ಭಕ್ತರೇ.

1932ರಲ್ಲಿ ಸಂಸ್ಥಾನದ ದೇವಸ್ಥಾನಗಳನ್ನು ಹರಿಜನರಿಗೆ ತೆರೆದರು. ಗಾಂಧೀಜಿ ಅದನ್ನು ಮೆಚ್ಚಿಕೊಂಡಿದ್ದರು. ಆಗ ಅಜ್ಜ ಹುಡುಗ. ಜೊತೆಗೆ ನಡೆದು ಬರುತ್ತಿದ್ದ ಗೆಳೆಯ ಅಲ್ಲಿಯವರೆಗೆ ಗುಡಿಯ ಹೊರಗೇ ಕಾಯುತ್ತಿದ್ದನಂತೆ. ಆಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಹೋದರಂತೆ. ಅಜ್ಜ ಪೇಶ್ವೆಯ ಕಥೆಗಿಂತ ಇದನ್ನೇ ಹೆಚ್ಚು ಸಲ ಹೇಳುತ್ತಿದ್ದರು, ಹೇಳುವಾಗ ಪ್ರತಿ ಸಲವೂ ದನಿ ಕಟ್ಟುತ್ತಿತ್ತು.

ಕೃತ್ತಿಕಾ ನಕ್ಷತ್ರ ಕೂಡುವ ಕಾರ್ತಿಕ ಹುಣ್ಣಿಮೆಗೆ ದೊಡ್ಡ ಜಾತ್ರೆ. ಆ ದಿನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಗಂಡಿಯಲ್ಲಿ ಇಳಿಸಿ, ಸ್ವಲ್ಪ ದೂರವಾದರೂ ಬರಿಗಾಲಲ್ಲಿ ನಡೆಸಬೇಕೆಂದಿದ್ದೇನೆ. ನೀವೂ ಬನ್ನಿ.