ಎರೆಮಣ್ಣಿನ ರಸ್ತೆಗೆ ಹಳೆಯ ಎಸ್ಟೀಮ್: ಗಾಲಿ, ಟೈರು ಮತ್ತು ಸ್ಪ್ರಿಂಗುಗಳ ಲೆಕ್ಕ

ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯ ಮುಂದೆ, ಬೇವಿನ ಗಿಡದ ಕೆಳಗೆ ವರ್ಷಗಟ್ಟಲೆ ನಿಂತಿದ್ದ 1999ರ ಮಾರುತಿ ಎಸ್ಟೀಮ್ ಕಾರನ್ನು ನಾನು ಕೊಂಡಾಗ ಅದರ ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿತ್ತು. ಕೆಟ್ಟಿದ್ದು ಕಾಲುಗಳು ಮಾತ್ರ. ಹಿಂದೆ ಅದನ್ನು ಓಡಿಸುತ್ತಿದ್ದವರು ಗಾಡಿ ನೆಲಕ್ಕೆ ಹತ್ತಿರವಾಗಿ ಕಾಣಲಿ ಎಂದು ನಾಲ್ಕೂ ಸ್ಪ್ರಿಂಗುಗಳಿಂದ ಒಂದೊಂದು ಸುತ್ತನ್ನು ಕತ್ತರಿಸಿ ಹಾಕಿದ್ದರು. ನೋಡಲು ಚೆಂದವೇ ಇತ್ತು. ಆದರೆ ಹೊಸೂರು ವೃತ್ತ ದಾಟಿ ಗೋಕುಲ ರಸ್ತೆಗೆ ತಿರುಗುವಷ್ಟರಲ್ಲಿ ಎರಡು ಸಲ ಒಳಗಿನ ರಬ್ಬರ್ ತಡೆಗೆ ಬಡಿದು ಇಡೀ ಗಾಡಿ ನಡುಗಿತು. ಮನೆ ತಲುಪಿ ಜ್ಯಾಕ್ ಹಚ್ಚಿ ಎತ್ತಿದರೆ ಹಿಂದಿನ ಬಲಗಡೆಯ ಸ್ಪ್ರಿಂಗ್ ತನ್ನ ಕೂಡುವ ಜಾಗದಲ್ಲಿ ಸಡಿಲಾಗಿ, ಕೈಯಿಂದ ತಿರುಗಿಸಿದರೆ ತಿರುಗುವಂತಿತ್ತು.

1994ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಯ ಮೇಲೆ ನನಗೆ ಬಾಲ್ಯದಿಂದಲೂ ಪ್ರೀತಿ. 1298 ಸಿಸಿ ಎಂಜಿನ್, ಹಗುರ ಮೈ, ಒಂದೊಂದು ಗಾಲಿಯೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವ ಸ್ವತಂತ್ರ ಸಸ್ಪೆನ್ಷನ್ ಇದ್ದುದರಿಂದಲೇ ನಮ್ಮ ದೇಶದ ರ್‍ಯಾಲಿಗಳಲ್ಲಿ ಅದು ಬಹಳ ಕಾಲ ಓಡಿತು. ಇಂಥ ಗಾಡಿಯನ್ನು ಬೆಂಗಳೂರಿನ ಪ್ರದರ್ಶನಕ್ಕೆ ಒಯ್ಯಲಿಕ್ಕಲ್ಲ, ಹುಬ್ಬಳ್ಳಿಯಿಂದ ಅಣ್ಣಿಗೇರಿ ಮಾರ್ಗವಾಗಿ ಗದಗಕ್ಕೆ ವಾರಕ್ಕೊಮ್ಮೆ ಓಡಿಸಲಿಕ್ಕೆ ಸಿದ್ಧಪಡಿಸಬೇಕೆಂದು ನಾನು ನಿಶ್ಚಯಿಸಿಕೊಂಡೆ. ಮುಂದಿನ ಎಲ್ಲ ಲೆಕ್ಕವೂ ಈ ನಿಶ್ಚಯದಿಂದ ಹುಟ್ಟಿದ್ದು.

ಆ ರಸ್ತೆಯ ಗುಣವನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಧಾರವಾಡದ ಪಶ್ಚಿಮಕ್ಕೆ ಹೋದರೆ ಕೆಂಪು ನೆಲ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟರೆ ನವಲಗುಂದ, ಅಣ್ಣಿಗೇರಿ, ಗದಗದವರೆಗೂ ಎರೆ ಹೊಲ. ಎರೆಮಣ್ಣು ಮಳೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ದರೂ ಅಲೆ ಅಲೆಯಾಗಿ ಏಳುತ್ತದೆ. ಗಂಟೆಗೆ 70 ಕಿಲೋಮೀಟರಿನಲ್ಲಿ ಆ ಅಲೆಗಳ ಮೇಲೆ ಹಾಯುವಾಗ ಗಾಲಿಗೆ ಮೇಲೆ ಹೋಗಲು ಎಷ್ಟು ಜಾಗ ಬೇಕೋ, ಕೆಳಗೆ ಇಳಿಯಲು ಸಹ ಅಷ್ಟೇ ಜಾಗ ಬೇಕು. ಹೀಗಿರುವಾಗ ಗಾಡಿಯನ್ನು ಇಳಿಸುವುದೆಂದರೆ ಇರುವ ಜಾಗವನ್ನೇ ಕಸಿದುಕೊಂಡಂತೆ. ಇಳಿಸಿದ ಗಾಡಿಗಳ ಅಂದವನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಆದರೂ ಈ ಭಾಗದಲ್ಲಿ ದಿನ ಬಳಕೆಯ ಹಳೆಯ ಗಾಡಿಯನ್ನು ಕಂಪನಿಯ ಎತ್ತರಕ್ಕಿಂತ ಕೆಳಗೆ ಇಳಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪ್ರಿಂಗ್ ಕತ್ತರಿಸಿದರೆ ಎತ್ತರ ಮಾತ್ರ ಕಡಿಮೆಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಸ್ಪ್ರಿಂಗಿನ ಬಿಗಿ ಅದರ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಏಳು ಸುತ್ತಿನ ಸ್ಪ್ರಿಂಗಿನಿಂದ ಒಂದನ್ನು ತೆಗೆದರೆ ಉಳಿದ ಆರು ಸುತ್ತು ಸುಮಾರು 17 ಶೇಕಡಾ ಹೆಚ್ಚು ಬಿಗಿಯಾಗುತ್ತವೆ. ಬಿಗಿ ಹೆಚ್ಚಿದ ಸ್ಪ್ರಿಂಗನ್ನು ಹಳೆಯ ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸಲಾರದು, ಆದ್ದರಿಂದ ಗಾಡಿ ಒಂದು ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ಕುಣಿಯುತ್ತದೆ. ಎಸ್ಟೀಮ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ಮುಂದಿನ ಸ್ಪ್ರಿಂಗು ಶಾಕ್‌ನ ಸುತ್ತಲೇ ಕೂತಿದ್ದರೆ, ಹಿಂದಿನದು ಶಾಕ್‌ನಿಂದ ಬೇರೆಯಾಗಿ, ಗಾಲಿಯನ್ನು ಗಾಡಿಯ ಮೈಗೆ ಹಿಡಿದಿಡುವ ಕೆಳತೋಳಿನ (ಲೋವರ್ ಆರ್ಮ್) ಮೇಲೆ ಕೂತಿರುತ್ತದೆ. ಅದು ಗಿಡ್ಡವಾದರೆ ಗಾಲಿ ಪೂರ್ತಿ ಜೋತುಬಿದ್ದಾಗ ತನ್ನ ಜಾಗ ಬಿಟ್ಟು ಸರಿಯಬಲ್ಲದು. ನನ್ನ ಗಾಡಿಯ ಬಲಗಡೆ ಆಗುತ್ತಿದ್ದುದು ಅದೇ.

ಹೀಗಾಗಿ ಮೊದಲು ಕಂಪನಿಯ ಅಳತೆಯ ನಾಲ್ಕು ಹೊಸ ಸ್ಪ್ರಿಂಗು, ನಾಲ್ಕು ಗ್ಯಾಸ್ ಶಾಕ್, ಮೇಲಿನ ಮೌಂಟು ಮತ್ತು ಬೇರಿಂಗು, ರಬ್ಬರ್ ತಡೆಗಳು, ಲೋವರ್ ಆರ್ಮಿನ ಕೀಲುಗಳಲ್ಲಿ ಕೂಡುವ ರಬ್ಬರ್ ಬುಷ್‌ಗಳನ್ನು ತರಿಸಿದೆ. ಕೂಡಿಸುವ ಕೆಲಸವನ್ನು ಊರಿನ ಒಂದು ದೊಡ್ಡ ಗ್ಯಾರೇಜಿಗೆ ಕೊಟ್ಟದ್ದು ನನಗೆ ಈಗಲೂ ನೋವಿನ ಸಂಗತಿ. ಅವರು ಗಾಡಿ ಲಿಫ್ಟಿನ ಮೇಲೆ ಇದ್ದಾಗಲೇ, ಗಾಲಿಗಳು ಜೋತುಬಿದ್ದ ಸ್ಥಿತಿಯಲ್ಲೇ ಬುಷ್‌ಗಳ ಬೋಲ್ಟುಗಳನ್ನು ಪೂರ್ತಿ ಬಿಗಿದರು. ಬುಷ್‌ನ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಜೋತುಬಿದ್ದಾಗ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಅದು ತಿರುಚಿದ ಸ್ಥಿತಿಯಲ್ಲಿ ದಿನ ಕಳೆಯಬೇಕಾಗುತ್ತದೆ. ಐದು ತಿಂಗಳಲ್ಲಿ ಎರಡು ಬುಷ್ ಹರಿದವು. ಎರಡನೆಯ ಸಲ ಹಳೇ ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆ. ಅವರನ್ನು ನಾನು ಕಾಕಾ ಎಂದೇ ಕರೆಯುವುದು. ಅವರು ಬೋಲ್ಟುಗಳನ್ನು ಕೈಯಳತೆಗೆ ಮಾತ್ರ ಹಿಡಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ಮುಂದೆ ನಾಲ್ಕು ಹೆಜ್ಜೆ ನೂಕಿ, ತೂಕ ಗಾಲಿಗಳ ಮೇಲೆ ಕೂತ ನಂತರ ಕೆಳಗೆ ತೆವಳಿ ಹೋಗಿ ಒಂದೊಂದನ್ನೇ ಬಿಗಿದರು. ಆ ಬುಷ್‌ಗಳು ಇಂದಿಗೂ ಸರಿಯಾಗಿವೆ.

ಗಾಲಿಗಳ ಆಸೆ ಬಂದದ್ದು ಇದಾದ ಮೇಲೆ. ಕಾಕಾ ಹೇಳಿದ್ದು ಒಂದೇ ಮಾತು: “ತಮ್ಮಾ, ಗಾಲಿ ಚಂದ ನೋಡಿ ರೊಕ್ಕ ಕೊಡಬ್ಯಾಡ. ಸ್ಕೇಲ್ ಇಟ್ಟು ನೋಡಿ ಕೊಡು.” ನಾನು ರಿಮ್ಮಿನಿಂದ ಆರಂಭಿಸದೆ ಟೈರಿನ ಒಟ್ಟು ವ್ಯಾಸದಿಂದ ಆರಂಭಿಸಿದೆ, ಏಕೆಂದರೆ ಗೇರುಗಳ ಅನುಪಾತ, ಸ್ಪೀಡೋಮೀಟರು, ಮಡ್‌ಗಾರ್ಡಿನ ಒಳಗಿನ ಜಾಗ, ಈ ಮೂರೂ ಆ ಒಂದು ಸಂಖ್ಯೆಗೆ ಕಟ್ಟುಬಿದ್ದಿವೆ. ನನ್ನ ಗಾಡಿಯ ಮೂಲ ಟೈರು 155/80 ಆರ್ 13. ಅಗಲ 155 ಮಿಲಿಮೀಟರು, ಪಕ್ಕೆಯ ಎತ್ತರ ಅದರ 80 ಶೇಕಡಾ ಅಂದರೆ 124. ಮೇಲೂ ಕೆಳಗೂ ಸೇರಿ 248, ಅದಕ್ಕೆ 13 ಇಂಚಿನ 330.2 ಕೂಡಿಸಿದರೆ 578.2 ಮಿಲಿಮೀಟರು. 185/60 ಆರ್ 14 ಟೈರಿಗೆ ಇದೇ ಲೆಕ್ಕ ಹಾಕಿದರೆ 577.6 ಬರುತ್ತದೆ. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ. ಇದಕ್ಕಿಂತ ಹತ್ತಿರದ ಜೋಡಿ ಬೇರೆ ಬೇಕಿಲ್ಲ. ಟೈರಿನಂಗಡಿಯಲ್ಲಿ 185/65 ಆರ್ 14 ಅಗ್ಗಕ್ಕೆ ಸಿಗುತ್ತದೆಂದು ಒತ್ತಾಯಿಸಿದರು. ಅದರ ವ್ಯಾಸ 596.1, ಅಂದರೆ ಮೂರು ಶೇಕಡಾ ಹೆಚ್ಚು: ಮುಳ್ಳು 80 ತೋರಿಸುವಾಗ ಗಾಡಿ 82ಕ್ಕಿಂತ ಮೇಲೆ ಓಡುತ್ತಿರುತ್ತದೆ, ಗೇರು ಭಾರವಾಗುತ್ತದೆ, ಮಡ್‌ಗಾರ್ಡಿಗೆ ಒಂಬತ್ತು ಮಿಲಿಮೀಟರು ಹತ್ತಿರವಾಗುತ್ತದೆ. ಬೇಡವೆಂದೆ. 195/50 ಆರ್ 15 ಕೂಡ 576ಕ್ಕೆ ಬರುತ್ತದೆ, ಆದರೆ ಅದರ ಪಕ್ಕೆಯ ಎತ್ತರ 97.5 ಮಾತ್ರ. ನಮ್ಮ ರಸ್ತೆಯ ಕಲ್ಲಂಚುಗಳಿಗೆ ಅಷ್ಟು ತೆಳುವಾದ ಪಕ್ಕೆ ಸಾಲದು.

ಹೊಸ ಟೈರಿನ ಪಕ್ಕದಲ್ಲಿ ಓದಬೇಕಾದ ಇನ್ನೆರಡು ಸಂಗತಿಗಳಿವೆ. ನನ್ನವುಗಳ ಮೇಲೆ 82 ಎಚ್ ಎಂದಿದೆ. 82 ಎಂದರೆ ಒಂದು ಟೈರು 475 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನ ಮಿತಿ. ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ಬಿಸಿಲಲ್ಲಿ ವರ್ಷಗಟ್ಟಲೆ ಅಂಗಡಿಯ ಮುಂದೆ ಜೋಡಿಸಿಟ್ಟ ಟೈರುಗಳು ನಮ್ಮಲ್ಲಿ ಬಹಳ, ಆದ್ದರಿಂದ ಆ ನಾಲ್ಕು ಅಂಕಿಗಳನ್ನು ನೋಡದೆ ಕೊಳ್ಳಬಾರದು.

ರಿಮ್ಮಿನ ವಿಷಯದಲ್ಲಿ ನಾನು ಒಮ್ಮೆ ಎಡವಿದೆ. ಎಸ್ಟೀಮ್‌ನ ನಾಲ್ಕು ಬೋಲ್ಟುಗಳು 114.3 ಮಿಲಿಮೀಟರಿನ ವೃತ್ತದ ಮೇಲಿವೆ. ಈಗಿನ ಹೆಚ್ಚಿನ ಚಿಕ್ಕ ಗಾಡಿಗಳಲ್ಲಿ ಅದು 100. ನಾಲ್ಕು ರಂಧ್ರಗಳ ರಿಮ್ಮಿನಲ್ಲಿ ಎದುರುಬದುರಾದ ಎರಡು ರಂಧ್ರಗಳ ನಡುವಿನಿಂದ ನಡುವಿಗೆ ಅಳೆದರೆ ಈ ಸಂಖ್ಯೆ ಸಿಗುತ್ತದೆ. ಎರಡೂ ಅಳತೆಗೆ ಹೊಂದುವಂತೆ ಎಂಟು ರಂಧ್ರ ಕೊರೆದ 6 ಜೆ, ಅಂದರೆ 6 ಇಂಚು ಅಗಲದ ಬಳಸಿದ ಅಲಾಯ್ ಸಿಕ್ಕಿತು, ಸಂತೋಷದಿಂದ ತಂದೆ. ಹಳೆಯ ರಿಮ್ಮಿನ ಅಗಲ 5 ಜೆ. ಒಂದು ಇಂಚು ಅಗಲ ಹೆಚ್ಚಿದರೆ ಒಳಗೂ ಹೊರಗೂ 12.7 ಮಿಲಿಮೀಟರು ಹೆಚ್ಚುತ್ತದೆಂದು ನನಗೆ ಗೊತ್ತಿತ್ತು. ಆದರೆ ಹೊಸದರ ಆಫ್‌ಸೆಟ್ ಹಳೆಯದಕ್ಕಿಂತ 10 ಕಡಿಮೆ ಇದ್ದುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಯಿಂದ, ಗಾಲಿಯನ್ನು ಹೊತ್ತು ತಿರುಗುವ ಹಬ್‌ಗೆ ತಾಗುವ ಮುಖಕ್ಕಿರುವ ದೂರ. ಅದು ಹತ್ತು ಕಡಿಮೆಯಾದರೆ ಇಡೀ ಗಾಲಿ ಹತ್ತು ಮಿಲಿಮೀಟರು ಹೊರಕ್ಕೆ ಸರಿಯುತ್ತದೆ. ಒಳಗಡೆ 2.7 ಮಾತ್ರ ಹೆಚ್ಚಾಗಿ, ಹೊರಗಡೆ 22.7 ಹೆಚ್ಚಾಯಿತು. ಒಬ್ಬನೇ ಓಡಿಸುವಾಗ ಏನೂ ಆಗಲಿಲ್ಲ. ಮನೆಯವರೆಲ್ಲ ಕೂತು ಉಣಕಲ್ ಕೆರೆಯ ಕಡೆಗೆ ಹೊರಟ ದಿನ ಹಿಂದಿನ ಮಡ್‌ಗಾರ್ಡಿನ ಅಂಚು ಹೊಸ ಟೈರಿನ ಭುಜವನ್ನು ಕೆತ್ತಿ, ಬೆರಳಗಲದ ಕಪ್ಪು ಸಿಪ್ಪೆಯನ್ನು ಎಬ್ಬಿಸಿತ್ತು.

ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಬಡಿದು ಮಡಚಬಹುದೆಂದು ಕೆಲವರು ಹೇಳಿದರು. ಹಳೆಯ ತಗಡು ಬಡಿದಲ್ಲಿ ಬಣ್ಣ ಬಿರಿಯುತ್ತದೆ, ಬಿರಿದಲ್ಲಿ ಮಳೆಗಾಲದ ಕೆಸರು ಕೂತು ತುಕ್ಕು ಹಿಡಿಯುತ್ತದೆ. ಆದ್ದರಿಂದ ರಿಮ್ಮುಗಳನ್ನೇ ಮಾರಿ, ಹಳೆಯದರಷ್ಟೇ ಆಫ್‌ಸೆಟ್ ಇರುವ 5.5 ಜೆ ರಿಮ್ಮುಗಳನ್ನು ಹುಡುಕಿದೆ. ಮೂರು ತಿಂಗಳು ಹಿಡಿಯಿತು. ಈಗ ಒಳಗೂ ಹೊರಗೂ ಹೆಚ್ಚಿದ್ದು ಕೇವಲ 6.35 ಮಿಲಿಮೀಟರು, ಮತ್ತು 185/60 ಟೈರಿಗೆ ಅದೇ ಸರಿಯಾದ ಅಗಲ.

ಆದರೂ ಗಂಟೆಗೆ 85 ದಾಟಿದರೆ ಸ್ಟೇರಿಂಗು ನಡುಗುತ್ತಿತ್ತು. ಬ್ಯಾಲೆನ್ಸಿಂಗ್ ಯಂತ್ರ ಎರಡು ಸಲವೂ ಸೊನ್ನೆ ತೋರಿಸಿತು. ರಿಮ್ಮಿನ ನಡುರಂಧ್ರ 73.1 ಮಿಲಿಮೀಟರು, ನನ್ನ ಹಬ್ಬಿನ ಮೂತಿ 60.1. ಯಂತ್ರದ ಮೇಲೆ ಶಂಕು ಗಾಲಿಯನ್ನು ನಟ್ಟನಡುವೆ ಹಿಡಿಯುತ್ತದೆ. ಗಾಡಿಯ ಮೇಲೆ ಹಿಡಿಯುವುದು ನಾಲ್ಕು ನಟ್‌ಗಳು ಮಾತ್ರ, ಒಂದನ್ನು ಮೊದಲು ಬಿಗಿದರೆ ಗಾಲಿ ಕೂದಲೆಳೆಯಷ್ಟು ಆ ಕಡೆಗೆ ಸರಿಯುತ್ತದೆ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಲೇತ್ ಅಂಗಡಿಗೆ ರಿಮ್ಮನ್ನೂ ಹಬ್ಬಿನ ಅಳತೆಯನ್ನೂ ಒಯ್ದೆ. ರಂಧ್ರಕ್ಕೂ ಮೂತಿಗೂ ನಡುವಿನ ಸಂದು ತುಂಬಲು ಅವರು ಅಲ್ಯೂಮಿನಿಯಂ ದಿಂಡಿನಿಂದ 6.5 ಮಿಲಿಮೀಟರು ದಪ್ಪದ ಬಳೆಗಳನ್ನು ತಿರುವಿದರು. ಬೆಳ್ಳಿಯ ಎಳೆಯಂಥ ಚೂರುಗಳು ಸುರುಳಿ ಸುರುಳಿಯಾಗಿ ತಟ್ಟೆಗೆ ಬೀಳುತ್ತಿದ್ದವು. ಕೊನೆಯ ಎರಡು ಹಂತಗಳಲ್ಲಿ ಅವರು ಯಂತ್ರ ನಿಲ್ಲಿಸಿ, ಬಳೆ ಆರುವವರೆಗೆ ಕಾದು, ಆಮೇಲೆ ಅಳೆದರು. ಬಿಸಿಯಿದ್ದಾಗ ಅಲ್ಯೂಮಿನಿಯಂ ಹಿಗ್ಗಿರುತ್ತದೆ. ಬಳೆ ರಿಮ್ಮಿನೊಳಗೆ ಹೆಬ್ಬೆರಳ ಒತ್ತಿಗೆ ಮೆಲ್ಲನೆ ಕೂತಿತು. ಅಂದು ಸಂಜೆಯೇ ಬೈಪಾಸಿನಲ್ಲಿ ಓಡಿಸಿ ನೋಡಿದೆ, ನಡುಕ ಪೂರ್ತಿ ಹೋಗಿತ್ತು.

ಹೊಸ ಗಾಲಿ ಎಲ್ಲಿಯೂ ತಾಗದೆಂದು ನಿಂತ ಗಾಡಿಯನ್ನು ನೋಡಿ ಹೇಳಲಾಗದು. ಕಾಕಾ ಮುಂದಿನ ಒಂದು ಕಡೆಯ ಸ್ಪ್ರಿಂಗನ್ನು ಬಿಚ್ಚಿಟ್ಟು, ಶಾಕ್ ಮತ್ತು ಗಾಲಿಯನ್ನು ಮರಳಿ ಕೂಡಿಸಿ, ಜ್ಯಾಕಿನಿಂದ ಗಾಲಿಯನ್ನು ತೀರ ಕೆಳಗಿನಿಂದ ರಬ್ಬರ್ ತಡೆ ತಾಗುವವರೆಗೂ ಎತ್ತಿ, ಪ್ರತಿ ಎತ್ತರದಲ್ಲಿ ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ತೋರಿಸಿದರು. ಬ್ರೇಕಿನ ರಬ್ಬರ್ ಪೈಪು ಒಂದು ಕಡೆ ಟೈರಿಗೆ ಹತ್ತಿರ ಬರುತ್ತಿದ್ದುದು ಆಗ ಕಂಡಿತು. ಅದನ್ನು ಕ್ಲಿಪ್ಪಿನಿಂದ ಒಳಕ್ಕೆ ಹಿಡಿಸಿದೆವು.

ಓಡುವಾಗ ಹಿಂದಿನ ಟೈರುಗಳು ಮಡ್‌ಗಾರ್ಡಿಗೆ ಎಷ್ಟು ಹತ್ತಿರ ಬರುತ್ತವೆಂದು ಅಳೆಯಲು ನಾನೇ ಒಂದು ಉಪಾಯ ಮಾಡಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎತ್ತು ಮಾಡಿ ಉಳಿಸಿದ್ದ ಎರೆಮಣ್ಣಿನ ಮುದ್ದೆಯನ್ನು ಮಡ್‌ಗಾರ್ಡಿನ ಒಳ ಅಂಚಿಗೆ ಮೂರು ಕಡೆ, 20 ಮಿಲಿಮೀಟರು ದಪ್ಪಕ್ಕೆ ಮೆತ್ತಿದೆ.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಲೇಬೇಕು. ಮೈಯಿಂದ ಹೊರಚಾಚದ, ಮೂಲ ವ್ಯಾಸವನ್ನೇ ಉಳಿಸಿಕೊಂಡ ಗಾಲಿಗಳನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಹಳೆಯ 13 ಇಂಚಿನ ನಾಲ್ಕೂ ಗಾಲಿಗಳನ್ನು ನಾನು ಮಾರದೆ ಅಟ್ಟದ ಮೇಲೆ ಇಟ್ಟಿದ್ದೇನೆ. ಸ್ಟೆಪ್ನಿಯೂ 13 ಇಂಚಿನದೇ, ವ್ಯಾಸ ಒಂದೇ ಆದ್ದರಿಂದ ಪಂಚರಾದ ದಿನ ಮನೆ ಮುಟ್ಟಲು ತೊಂದರೆಯಿಲ್ಲ.

ಅಲೈನ್‌ಮೆಂಟನ್ನು ತಕ್ಷಣ ಮಾಡಿಸದೆ, ಸ್ಪ್ರಿಂಗು ಬುಷ್‌ಗಳು ಕೂರಲೆಂದು 300 ಕಿಲೋಮೀಟರು ಓಡಿಸಿ ಮಾಡಿಸಿದೆ. ಮರುದಿನ ಬೆಳಿಗ್ಗೆ ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಚೀಲ ಜೋಳ ಹಾಕಿಕೊಂಡು ಗದಗಕ್ಕೆ ಹೊರಟೆವು. ಅಣ್ಣಿಗೇರಿ ದಾಟಿದ ಮೇಲಿನ ಅಲೆಗಳ ಮೇಲೆ ಗಾಡಿ ಒಮ್ಮೆ ಎದ್ದು, ಒಮ್ಮೆ ಇಳಿದು, ಅಲ್ಲಿಗೇ ನಿಂತಿತು. ಹಿಂದೆ ಕೂತಿದ್ದ ಅಪ್ಪ ಕೈಯಲ್ಲಿದ್ದ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿಯಬೇಕಾಗಲಿಲ್ಲ. ಗದಗದಲ್ಲಿ ನಟ್‌ಗಳನ್ನು ಇನ್ನೊಮ್ಮೆ ಅಡ್ಡಡ್ಡವಾಗಿ ಬಿಗಿದೆ, ಏಕೆಂದರೆ ಅಲಾಯ್ ಗಾಲಿಗಳು ಹಾಕಿದ ಹೊಸತರಲ್ಲಿ ಸ್ವಲ್ಪ ಕೂರುತ್ತವೆ. ಆಮೇಲೆ ಕೆಳಗೆ ಬಗ್ಗಿ, ಒಣಗಿ ಗಟ್ಟಿಯಾಗಿದ್ದ ಎರೆಮಣ್ಣಿನ ಮುದ್ದೆಗಳನ್ನು ಬಿಡಿಸಿ ಅಳೆದೆ. ಎಡಗಡೆಯ ಎರಡು ಹಾಗೇ ಇದ್ದವು. ಬಲಗಡೆಯ ಒಂದರ ಮೇಲೆ ಮಾತ್ರ ಟೈರಿನ ಗೆರೆಗಳು ಅಚ್ಚೊತ್ತಿದ್ದವು. ಅಲ್ಲಿ ಉಳಿದ ದಪ್ಪ 11 ಮಿಲಿಮೀಟರು.