ಎಲ್ಲ ಗಾಳಿಗೂ ಒಂದೇ ಬೋರ್ಡ್: ಹುಡುಕಾಟ ಎಲ್ಲಿಗೆ ಬಂತು

ಈ ಸೀಸನ್‌ಗೆ ಇಟ್ಟುಕೊಂಡ ಕೆಲಸ ಒಂದೇ. ರೇಸ್ ಬೇಡ, ದೊಡ್ಡ ಅಲೆ ಬೇಡ. ಸುಮ್ನೆ ರಜೆ ಸಿಕ್ಕಾಗ ನೀರಿಗಿಳಿದು ಖುಷಿಯಾಗಿ ಓಡಿಸಿ ಬರೋಕೆ ಒಂದು ವಿಂಡ್‌ಸರ್ಫಿಂಗ್ ಬೋರ್ಡ್ (ಹಾಯಿ ಕಟ್ಟಿ, ಮೇಲೆ ನಿಂತು ಓಡಿಸುವ ಹಲಗೆ) ಗೊತ್ತು ಮಾಡಿಕೊಳ್ಳಬೇಕು. ಬಾಡಿಗೆಗೆ ಸಿಕ್ಕಿದ್ದು, ಗೆಳೆಯರ ಹತ್ತಿರ ಕೇಳಿ ತಂದಿದ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು ಅಂತ ಬಗೆಬಗೆಯ ಬೋರ್ಡ್‌ಗಳ ಮೇಲೆ ನಿಂತು ನೋಡಿದ್ದಾಯಿತು. ಇಲ್ಲಿವರೆಗಿನ ಲೆಕ್ಕ ಇಲ್ಲಿದೆ.

ನನ್ನ ತೂಕ 78 ಕೆ.ಜಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದ್ರೆ ಹೇಳುವವರ ತೂಕ ಗೊತ್ತಿಲ್ಲದೆ ಬೋರ್ಡ್ ಬಗ್ಗೆ ಯಾರ ಮಾತು ಕೇಳಿದರೂ ಉಪಯೋಗವಿಲ್ಲ. ಒಂದು ಲೀಟರ್ ಗಾತ್ರ ಹೆಚ್ಚುಕಡಿಮೆ ಒಂದು ಕೆ.ಜಿ. ತೇಲಿಸುತ್ತದೆ. ನಾನು, ಹಾಯಿ, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು), ಬೋರ್ಡಿನ ಸ್ವಂತ ತೂಕ ಎಲ್ಲ ಕೂಡಿಸಿದರೆ ನೂರರ ಹತ್ತಿರ ಬರುತ್ತದೆ. ಹಾಗಾಗಿ ನೂರು ಲೀಟರಿನ ಬೋರ್ಡ್ ಮೇಲೆ ನಿಂತು ಹಗ್ಗ ಎಳೆದು ಹಾಯಿ ಎತ್ತುವುದು ನನ್ನ ಮಟ್ಟಿಗೆ ಆಗದ ಮಾತು. ವಾಟರ್‌ಸ್ಟಾರ್ಟ್, ಅಂದರೆ ನೀರಲ್ಲಿದ್ದುಕೊಂಡೇ ಹಾಯಿಗೆ ಗಾಳಿ ಹಿಡಿಸಿ ಬೋರ್ಡ್ ಏರುವುದು, ಪಕ್ಕಾ ಬರುವವರಿಗೆ ಅದು ಸರಿ. ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋದರೆ ಅವರೂ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅಗಲದ ಬೋರ್ಡ್‌ಗಳು

ಲೀಟರ್ ಒಂದನ್ನೇ ನೋಡಬೇಡಿ. ಅಗಲ ನೋಡಿ. ಗಾತ್ರ ಒಂದೇ ಇದ್ದರೂ ಎಂಬತ್ತು ಸೆಂ.ಮೀ. ಅಗಲದ್ದು ಮೇಜಿನ ಹಾಗೆ ಅಲುಗದೆ ನಿಲ್ಲುತ್ತದೆ, ಅರವತ್ತೈದರದ್ದು ನೀವು ಕೆಮ್ಮಿದರೂ ಓಲಾಡುತ್ತದೆ. ಸ್ಟಾರ್‌ಬೋರ್ಡ್ ಕಂಪನಿಯ ಗೋ ಥರದ ಅಗಲ ಬೋರ್ಡ್‌ಗಳು ಬಂದ ಮೇಲೆ ಕಲಿಯುವವರ ಕಷ್ಟ ಅರ್ಧಕ್ಕಿಳಿಯಿತು ಅಂತ ಹೇಳುವುದು ಇದಕ್ಕೇ. ಹೊಸಬರಿಗೆ ತೂಕದ ಮೇಲೆ ಎಂಬತ್ತರಿಂದ ನೂರು ಲೀಟರ್ ಜಾಸ್ತಿ ಇರಲಿ, ಮಧ್ಯದಲ್ಲಿ ಡ್ಯಾಗರ್‌ಬೋರ್ಡ್ (ಪಕ್ಕಕ್ಕೆ ಜಾರದಂತೆ ನೀರೊಳಗೆ ಇಳಿಸುವ ಪಟ್ಟಿ) ಇರಲಿ, ಡೆಕ್, ಅಂದರೆ ನಿಲ್ಲುವ ಮೇಲ್ಭಾಗ, ಮೆತ್ತಗಿರಲಿ.

ಈ ಗುಂಪಿನಲ್ಲಿ ನನಗೆ ಹಿಡಿಸಿದ್ದು ಟೆಕ್ನೋ 293. ಮಕ್ಕಳ ರೇಸ್ ಬೋರ್ಡ್ ಅಂತ ಹೆಸರಾಗಿದೆ, ಆದರೆ ಅಳತೆ ನೋಡಿ: ಉದ್ದ 293 ಸೆಂ.ಮೀ., ಅಗಲ 79, ಗಾತ್ರ 205 ಲೀಟರ್. ದೊಡ್ಡವರನ್ನೂ ಆರಾಮಾಗಿ ಹೊರುತ್ತದೆ. ಡ್ಯಾಗರ್‌ಬೋರ್ಡ್ ಇದೆ, ಫುಟ್‌ಸ್ಟ್ರಾಪ್ (ಪಾದ ಸಿಕ್ಕಿಸುವ ಪಟ್ಟಿ) ಇದೆ, ಗಾಳಿ ಬಂದರೆ ಪ್ಲೇನ್ ಆಗುತ್ತದೆ, ಅಂದರೆ ನೀರನ್ನು ಸೀಳದೆ ಅದರ ಮೇಲೆಯೇ ಜಾರಿಕೊಂಡು ಓಡುತ್ತದೆ. ಹಳೆಯದು ಸಿಕ್ಕರೆ ಡ್ಯಾಗರ್‌ಬೋರ್ಡ್ ಪೆಟ್ಟಿಗೆಯ ರಬ್ಬರ್ ಪಟ್ಟಿ ಮತ್ತು ಮಾಸ್ಟ್ ಟ್ರ್ಯಾಕ್ (ಮಾಸ್ಟ್ ಬುಡ ಹಿಂದೆಮುಂದೆ ಸರಿಯುವ ಸೀಳು) ಸಡಿಲವಾಗಿದೆಯಾ ನೋಡಿಕೊಳ್ಳಿ, ಉಳಿದದ್ದು ಸುಲಭಕ್ಕೆ ಕೆಡುವುದಿಲ್ಲ.

ಉದ್ದದ ಬೋರ್ಡ್, ಅಂದರೆ ನನ್ನ ಈಗಿನ ಮೊದಲ ಆಯ್ಕೆ

ಇದನ್ನು ಹೇಳಿದರೆ ನಗುವವರಿದ್ದಾರೆ, ನಗಲಿ. ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಮೊದಲ ವಿಂಡ್‌ಸರ್ಫರ್ ಹನ್ನೆರಡು ಅಡಿ ಉದ್ದ ಇತ್ತು. ಈಗಿನ ವಿಂಡ್‌ಸರ್ಫರ್ ಎಲ್‌ಟಿ ಅದೇ ಉದ್ದದ್ದು, ತೂಕ ಮಾತ್ರ ಕಡಿಮೆ. ಹಾಯಿ 5.7 ಚದರ ಮೀಟರ್. ಉದ್ದ ಯಾಕೆ ಬೇಕು ಅಂದರೆ, ಪ್ಲೇನ್ ಆಗದೆ ನೀರನ್ನು ಸೀಳಿಕೊಂಡು ಹೋಗುವಾಗ ಬೋರ್ಡ್ ಎಷ್ಟು ಉದ್ದವೋ ಅದರ ಮಿತಿವೇಗವೂ ಅಷ್ಟು ಜಾಸ್ತಿ. ಆರೇಳು ನಾಟ್ (ಗಂಟೆಗೆ ಹನ್ನೆರಡು ಕಿ.ಮೀ. ಆಸುಪಾಸು) ಗಾಳಿಯಲ್ಲಿ ಫ್ರೀರೈಡ್ ಬೋರ್ಡಿನವರು, ಅಂದರೆ ಜೋರು ಗಾಳಿಗೆ ಪ್ಲೇನ್ ಆಗುವ ಗಿಡ್ಡ ಬೋರ್ಡಿನವರು, ದಡದಲ್ಲಿ ಕೂತು ಆಕಾಶ ನೋಡುತ್ತಿರುತ್ತಾರೆ, ಇದು ಆಗಲೇ ಸಾಗುತ್ತಿರುತ್ತದೆ. ಬಿಡುವಿನ ದಿನಗಳಲ್ಲಿ ಮುಕ್ಕಾಲು ಪಾಲು ಸಿಗುವುದು ಅಂಥ ಗಾಳಿಯೇ ಅಲ್ವಾ?

ಗಾಳಿಗೆ ಎದುರಾಗಿ ಹೋಗುವಾಗ ಇದರ ಮಜಾ ಬೇರೆ. ಮಾಸ್ಟ್ ಬುಡವನ್ನು ಕಾಲಿನಿಂದ ಟ್ರ್ಯಾಕ್‌ನ ಮುಂದಕ್ಕೆ ತಳ್ಳಿ, ಡ್ಯಾಗರ್‌ಬೋರ್ಡ್ ಪೂರ್ತಿ ಇಳಿಸಿ, ಗಾಳಿ ಕಡೆಯ ಅಂಚಿನ ಮೇಲೆ ನಿಲ್ಲುತ್ತೀರಿ. ವೇಗ ಏರಿದಂತೆ ಕೆಳಗಿನ ಡ್ಯಾಗರ್‌ಬೋರ್ಡ್ ಬೋರ್ಡನ್ನು ಎತ್ತಲು ಶುರು ಮಾಡುತ್ತದೆ. ಪಾದದ ಕೆಳಗಿನ ಅಂಚು ನಿಧಾನಕ್ಕೆ ಮೇಲೇಳುತ್ತದೆ, ಆಚೆ ಅಂಚು ನೀರಲ್ಲಿ ಕಚ್ಚಿಕೊಳ್ಳುತ್ತದೆ, ಬೋರ್ಡ್ ಓರೆಯಾಗಿ ಗಾಳಿಯತ್ತ ಏರುತ್ತದೆ. ಅಲ್ಲಿಂದ ಒಂದು ಹೊಡೆತ ಗಾಳಿ ಜಾಸ್ತಿ ಬಂದರೆ ಮಗುಚಿ ಹಾಕುತ್ತದೆ. ಹಾಗಾಗುವ ಮೊದಲೇ ಡ್ಯಾಗರ್‌ಬೋರ್ಡಿನ ತಲೆಯನ್ನು ಪಾದದಿಂದ ಒತ್ತಿ ಅದನ್ನು ಒಳಕ್ಕೆ ಸರಿಸಬೇಕು. ಅರ್ಧ ಒಳಗೆ ಸರಿದರೂ ಸಾಕು, ಬೋರ್ಡ್ ಮತ್ತೆ ಚಪ್ಪಟೆಯಾಗಿ ಕೂರುತ್ತದೆ. ನನ್ನ ಕಾಲಿಗೆ ಈ ಕೆಲಸ ಈಗ ನೋಡದೆಯೇ ಬರುತ್ತಿದೆ, ಈ ಸೀಸನ್‌ನ ದೊಡ್ಡ ಲಾಭ ಅದೇ.

ಕೋನಾ ವನ್ ಕೂಡ ಇದೇ ದಾರಿಯದ್ದು. ಕಡಲಲೆ ಇರುವ ಕಡೆ ಆಡಲು ಅದು ಇನ್ನೂ ಚೆನ್ನ ಅನ್ನಿಸಿತು. ಇವೆರಡರದ್ದೂ ತೊಂದರೆ ಒಂದೇ: ಹೊರುವುದು, ಕಾರಿನ ಮೇಲೆ ಕಟ್ಟುವುದು, ಮನೆಯಲ್ಲಿ ಇಡುವುದು.

ಗಾಳಿ ಜೋರಾದಾಗ

ಹದಿನೈದು ನಾಟ್ ದಾಟಿದರೆ ನಾನೂ ಪಕ್ಷ ಬದಲಿಸುತ್ತೇನೆ. ಆಗ ಸುಮಾರು 135 ಲೀಟರಿನ ಫ್ರೀರೈಡ್ ಬೋರ್ಡ್, 6.5ರ ಹಾಯಿ. ಜೆಪಿ ಮ್ಯಾಜಿಕ್ ರೈಡ್, ಸ್ಟಾರ್‌ಬೋರ್ಡ್ ಕಾರ್ವ್, ಟಬು ರಾಕೆಟ್ ಎಲ್ಲ ಈ ಜಾತಿಯವೇ. ಮ್ಯಾಜಿಕ್ ರೈಡ್ ಗಿಡ್ಡ, ಅಗಲ, ತೆಳು. ಬೇಗ ಪ್ಲೇನ್ ಆಗುತ್ತದೆ, ಜೈಬ್ ಮಾಡುವಾಗ, ಅಂದರೆ ಗಾಳಿಯನ್ನು ಬೆನ್ನಿಗಿಟ್ಟು ತಿರುಗುವಾಗ, ತಪ್ಪಾದರೂ ಕ್ಷಮಿಸುತ್ತದೆ. ವೇಗದ ಹುಚ್ಚಿದ್ದವರು ರಾಕೆಟ್ ಕಡೆ ನೋಡಲಿ.

ಇವುಗಳಲ್ಲಿ ಡ್ಯಾಗರ್‌ಬೋರ್ಡ್ ಇಲ್ಲ, ಪಕ್ಕಕ್ಕೆ ಜಾರದಂತೆ ತಡೆಯುವ ಕೆಲಸವೆಲ್ಲ ಫಿನ್‌ನದ್ದು, ಅಂದರೆ ಬಾಲದ ಕೆಳಗಿರುವ ರೆಕ್ಕೆಯದ್ದು. ಅದಕ್ಕೇ ಬೋರ್ಡ್ ಸರಿಯಿಲ್ಲ ಅಂತ ಬೈಯುವ ಮೊದಲು ಫಿನ್ ಬದಲಿಸಿ ನೋಡಿ. ದೊಡ್ಡ ಹಾಯಿಗೆ ಉದ್ದ ಫಿನ್, ಚಿಕ್ಕದಕ್ಕೆ ಗಿಡ್ಡ. ಫಿನ್ ತೀರಾ ಚಿಕ್ಕದಾಗಿ ಹಿಂಗಾಲಲ್ಲಿ ಜಾಸ್ತಿ ಒತ್ತಿದರೆ ನೀರಿನ ಹಿಡಿತ ತಪ್ಪಿ ಬಾಲ ಪಕ್ಕಕ್ಕೆ ಹಾರುತ್ತದೆ. ತೀರಾ ದೊಡ್ಡದಾದರೆ ಬೋರ್ಡ್ ಒಂದು ಕಡೆ ಎದ್ದು ಕಾಲಿಗೆ ಸಿಗುವುದಿಲ್ಲ. ನಾನು ತಗೊಂಡ ಸೆಕೆಂಡ್ ಹ್ಯಾಂಡ್ ಬೋರ್ಡ್ ಜೊತೆ ಬಂದಿದ್ದ ಫಿನ್ 46 ಸೆಂ.ಮೀ. ಇತ್ತು. 6.5ಕ್ಕೆ 40ರದ್ದು ಹಾಕಿದ ಮೇಲೆ ಅದೇ ಬೋರ್ಡ್ ಹೇಳಿದ ಮಾತು ಕೇಳತೊಡಗಿತು.

ಮುಂದಿನದು

ಎರಡನ್ನೂ ಇಟ್ಟುಕೊಳ್ಳುತ್ತಿದ್ದೇನೆ. ಒಂದೇ ಇಟ್ಟುಕೋ ಅಂದರೆ ಉದ್ದದ್ದು, ಇದರಲ್ಲಿ ಅನುಮಾನವಿಲ್ಲ. ಫ್ರೀರೈಡ್‌ನ ಸ್ಟ್ರಾಪ್‌ಗಳು ಹೊರಗಿನ ತೂತುಗಳಲ್ಲಿವೆ, ಅದು ವೇಗಕ್ಕೆ ಸರಿ, ನನಗೆ ಕಾಲು ಸಿಕ್ಕಿಸುವುದೇ ಪಾಡು. ಈ ವಾರ ಅವನ್ನು ಒಳಗಿನ ತೂತುಗಳಿಗೆ ತರಬೇಕು, ಮಾಸ್ಟ್ ಬುಡವನ್ನು ಒಂದೆರಡು ಸೆಂ.ಮೀ. ಹಿಂದಕ್ಕೆ ಸರಿಸಿ ಪ್ಲೇನಿಂಗ್ ಬೇಗ ಶುರುವಾಗುತ್ತದಾ ನೋಡಬೇಕು. ಜೈಬ್ ಇನ್ನೂ ಅರ್ಧದಲ್ಲಿ ನಿಲ್ಲುತ್ತಿದೆ, ಅದರ ಕಥೆ ಸ್ಟ್ರಾಪ್ ಬದಲಿಸಿದ ಮೇಲೆ ಬರೆಯುತ್ತೇನೆ.